ಕುರಿಯ ಮಿದುಳು, ದನದ ಮೇವು ಮತ್ತು ಒಂದು ಮೆಲ್ಲನೆಯ ರೋಗ

ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಐವತ್ತು ದಾಟಿದವರ ಮುಂದೆ ಹುಚ್ಚುನಾಯಿ ಕಡಿತದ ಮಾತೆತ್ತಿದರೆ ಅವರಿಗೆ ಮೊದಲು ನೆನಪಾಗುವುದು ಹೊಕ್ಕಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಇಂಜೆಕ್ಷನ್. ದಿನಕ್ಕೊಂದರಂತೆ ಎರಡು ವಾರ ಸರ್ಕಾರಿ ದವಾಖಾನೆಗೆ ಅಲೆಯಬೇಕಿತ್ತು. ನಡುವೆ ತಪ್ಪಿಸಿದರೆ ಜೀವಕ್ಕೇ ಸಂಚಕಾರವೆಂಬ ಭಯ. ಆ ಔಷಧಿಯನ್ನು ಯಾವುದರಿಂದ ತಯಾರಿಸುತ್ತಾರೆ ಎಂಬುದು ಚುಚ್ಚಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ಗೊತ್ತಿರಲಿಲ್ಲ. ಅದನ್ನು ತಯಾರಿಸುತ್ತಿದ್ದುದು ಕುರಿಯ ಮಿದುಳಿನಿಂದ.

ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಎಂಬ ವೈದ್ಯ 1911ರಲ್ಲಿ ಈ ಲಸಿಕೆಯ ವಿಧಾನವನ್ನು ರೂಪಿಸಿದರು. ಕುರಿಯ ಮಿದುಳಿನಲ್ಲಿ ರೇಬೀಸ್ ವೈರಾಣುವನ್ನು ಬೆಳೆಸಿ, ಫಿನಾಲ್ ಎಂಬ ರಾಸಾಯನಿಕದಿಂದ ಅದನ್ನು ಕೊಂದು, ಮಿದುಳನ್ನು ಅರೆದು ದ್ರಾವಣ ಮಾಡಿ ಮನುಷ್ಯರಿಗೆ ಚುಚ್ಚುತ್ತಿದ್ದರು. ತಮಿಳುನಾಡಿನ ಕೂನೂರಿನ ಪಾಶ್ಚರ್ ಸಂಸ್ಥೆಯೂ ಸೇರಿದಂತೆ ದೇಶದ ಹಲವು ಕಡೆ ಅದು ತಯಾರಾಗುತ್ತಿತ್ತು. ಸುಮಾರು ತೊಂಬತ್ತು ವರ್ಷ ಲಕ್ಷಾಂತರ ಜನರ ಪ್ರಾಣ ಉಳಿಸಿದ ಈ ಲಸಿಕೆ ಕೆಲವರಿಗೆ ಪಾರ್ಶ್ವವಾಯುವಿನಂಥ ನರದೌರ್ಬಲ್ಯವನ್ನೂ ತಂದೊಡ್ಡಿತು. 2004-05ರ ಹೊತ್ತಿಗೆ ಭಾರತದಲ್ಲಿ ಅದರ ಬಳಕೆ ನಿಂತು, ತೋಳಿಗೆ ಹಾಕುವ ಹೊಸ ಲಸಿಕೆ ಬಂತು.

ಅದು ನಿಲ್ಲುವ ಮೊದಲೇ, 1990ರ ದಶಕದಲ್ಲಿ, ವೈದ್ಯ ವಲಯದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ಕುರಿಯ ಮಿದುಳಿನೊಳಗೆ ಔಷಧಿಗೂ ಬೆಂಕಿಗೂ ಸುಲಭಕ್ಕೆ ಬಗ್ಗದ ಯಾವುದೋ ವಿಷ ಅಡಗಿದ್ದರೆ ಏನು ಗತಿ? ಈ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ. ಅದು ಇಂಗ್ಲೆಂಡಿನ ಕುರಿದೊಡ್ಡಿ, ನ್ಯೂಗಿನಿಯ ಗುಡ್ಡಗಾಡು, ಬ್ರಿಟನ್ನಿನ ಹೈನುಮನೆಗಳನ್ನು ಹಾದು ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯನ್ನು ಮುಟ್ಟುತ್ತದೆ. ಕುರಿ ಸಾಕಣೆಯೇ ಬದುಕಾಗಿರುವ ಕೊಪ್ಪಳ ಸೀಮೆಗೂ ಅದರಲ್ಲಿ ತಿಳಿದುಕೊಳ್ಳಬೇಕಾದದ್ದಿದೆ.

ಮೈ ಉಜ್ಜುವ ಕುರಿಗಳು

1732ರಷ್ಟು ಹಿಂದೆಯೇ ಇಂಗ್ಲೆಂಡಿನ ಕುರಿಗಾರರು ಒಂದು ವಿಚಿತ್ರ ರೋಗವನ್ನು ಗುರುತಿಸಿದ್ದರು. ಕುರಿ ಬೇಲಿಗೆ, ಗೋಡೆಗೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಳೆದುಕೊಳ್ಳುತ್ತಿತ್ತು. ಬರಬರುತ್ತಾ ಕಾಲು ತೊಡರಿ, ನಡುಗಿ ಸಾಯುತ್ತಿತ್ತು. ಉಜ್ಜುವುದರಿಂದಲೇ ಅದಕ್ಕೆ ‘ಸ್ಕ್ರೇಪಿ’ ಎಂಬ ಹೆಸರು ಬಂತು. ಇದು ಅಂಟುರೋಗವೇ, ವಂಶದಿಂದ ಬರುವುದೇ ಎಂಬ ವಾದ ಇನ್ನೂರು ವರ್ಷ ನಡೆಯಿತು. 1936ರಲ್ಲಿ ಫ್ರಾನ್ಸಿನ ಇಬ್ಬರು ಪಶುವೈದ್ಯರು ರೋಗಿ ಕುರಿಯ ನರದ ಅಂಗಾಂಶವನ್ನು ಆರೋಗ್ಯವಂತ ಕುರಿಗೆ ಚುಚ್ಚಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದು, ರೋಗ ಹರಡುವುದನ್ನು ತೋರಿಸಿಕೊಟ್ಟರು.

ಅದೇ ದಶಕದಲ್ಲಿ ಬ್ರಿಟನ್ನಿನಲ್ಲಿ ಒಂದು ಅವಘಡ ನಡೆಯಿತು. ಬೇರೊಂದು ರೋಗ ತಡೆಯಲೆಂದು ಕುರಿಯ ಮಿದುಳು ಮತ್ತು ಗುಲ್ಮದಿಂದ ಲಸಿಕೆ ತಯಾರಿಸಿ ಸಾವಿರಾರು ಕುರಿಗಳಿಗೆ ಹಾಕಲಾಯಿತು. ಫಾರ್ಮಲಿನ್ ಬೆರೆಸಿ ಸೋಂಕು ಕಳೆದಿದ್ದ ಲಸಿಕೆ ಅದು. ಎರಡು ವರ್ಷದ ನಂತರ ಆ ಹಿಂಡುಗಳಲ್ಲಿ ಸ್ಕ್ರೇಪಿ ಕಾಣಿಸಿಕೊಂಡಿತು. ಶವವನ್ನೇ ಕೆಡದಂತೆ ಇಡುವ ಫಾರ್ಮಲಿನ್‌ಗೂ ಈ ರೋಗದ ಬೀಜ ಸಾಯಲಿಲ್ಲ. ನಮ್ಮ ರೇಬೀಸ್ ಲಸಿಕೆಯ ಬಗ್ಗೆ ಮುಂದೆ ಕೆಲವು ವೈದ್ಯರು ಆತಂಕಪಟ್ಟದ್ದು ಏಕೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಸೆಂಪಲ್ ಲಸಿಕೆಯಿಂದ ಇಂಥ ರೋಗ ಬಂತೆಂಬುದು ಸಾಬೀತಾಗಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಶೋಕದ ಊಟ

1957ರಲ್ಲಿ ಪಪುವಾ ನ್ಯೂಗಿನಿಯ ಪೂರ್ವದ ಬೆಟ್ಟಸೀಮೆಗೆ ಹೋದ ವಿನ್ಸೆಂಟ್ ಜಿಗಾಸ್ ಮತ್ತು ಕಾರ್ಲಟನ್ ಗಜ್ಡುಸೆಕ್ ಎಂಬ ವೈದ್ಯರು ಫೋರೆ ಎಂಬ ಬುಡಕಟ್ಟಿನಲ್ಲಿ ‘ಕುರು’ ಎಂಬ ರೋಗವನ್ನು ಕಂಡರು. ಕುರು ಎಂದರೆ ಅವರ ಭಾಷೆಯಲ್ಲಿ ನಡುಕ. ಮೊದಲು ನಡಿಗೆ ತಪ್ಪುವುದು, ಆಮೇಲೆ ಮಾತು ತೊದಲುವುದು, ಒಂದು ವರ್ಷದ ಆಸುಪಾಸಿನಲ್ಲಿ ಸಾವು. ಸತ್ತವರಲ್ಲಿ ಹೆಂಗಸರು ಮತ್ತು ಮಕ್ಕಳೇ ಹೆಚ್ಚು. ಕೆಲವು ಊರುಗಳಲ್ಲಿ ಮದುವೆಗೆ ಹೆಣ್ಣು ಸಿಗದಷ್ಟು ಹೆಂಗಸರು ತೀರಿಕೊಂಡಿದ್ದರು.

ಕಾರಣ ತಿಳಿದದ್ದು ಅವರ ಊಟ-ಉಪಚಾರದ ಪದ್ಧತಿಯನ್ನು ಕೂತು ಕೇಳಿದ ಮೇಲೆ. ಶರ್ಲಿ ಲಿಂಡೆನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್ ಎಂಬ ಮಾನವಶಾಸ್ತ್ರಜ್ಞರು 1960ರ ದಶಕದ ಆರಂಭದಲ್ಲಿ ಆ ಕೆಲಸ ಮಾಡಿದರು. ಸತ್ತ ಬಂಧುವನ್ನು ಮಣ್ಣಿನ ಹುಳುಗಳಿಗೆ ಬಿಡುವುದಕ್ಕಿಂತ ತಮ್ಮೊಳಗೇ ಇಟ್ಟುಕೊಳ್ಳುವುದು ಫೋರೆ ಜನರಿಗೆ ಪ್ರೀತಿಯ, ಗೌರವದ ಕರ್ಮವಾಗಿತ್ತು. ಶವವನ್ನು ಸಿದ್ಧಗೊಳಿಸುವುದು ಹೆಂಗಸರ ಪಾಲಿನ ಕೆಲಸ. ಮಿದುಳು ಅವರಿಗೂ ಅವರ ಜೊತೆಗಿದ್ದ ಮಕ್ಕಳಿಗೂ ಸೇರುತ್ತಿತ್ತು. ಆಡಳಿತ ನಡೆಸುತ್ತಿದ್ದ ಆಸ್ಟ್ರೇಲಿಯಾ ಸರ್ಕಾರ 1950ರ ದಶಕದಲ್ಲಿಯೇ ಈ ಪದ್ಧತಿಯನ್ನು ತಡೆದಿತ್ತು. ಆಮೇಲೆ ಹುಟ್ಟಿದ ಮಕ್ಕಳಿಗೆ ಕುರು ಬರಲಿಲ್ಲ. ಹಳೆಯ ಊಟಕ್ಕೆ ಕೂತಿದ್ದವರಲ್ಲಿ ಮಾತ್ರ ನಲವತ್ತು, ಐವತ್ತು ವರ್ಷಗಳ ನಂತರವೂ ಒಬ್ಬೊಬ್ಬರಾಗಿ ರೋಗ ಕಾಣಿಸಿಕೊಂಡಿತು. ಒಟ್ಟು 2,700ಕ್ಕೂ ಹೆಚ್ಚು ಜನ ಸತ್ತರು.

ಕುರುವಿನಿಂದ ಸತ್ತವರ ಮಿದುಳಿನ ಚಿತ್ರಗಳು ಸ್ಕ್ರೇಪಿ ಕುರಿಯ ಮಿದುಳನ್ನೇ ಹೋಲುತ್ತವೆ ಎಂದು 1959ರಲ್ಲಿ ವಿಲಿಯಂ ಹ್ಯಾಡ್ಲೋ ಎಂಬ ಅಮೆರಿಕದ ಪಶುವೈದ್ಯ ಪತ್ರ ಬರೆದು ತಿಳಿಸಿದರು. ಎರಡರಲ್ಲೂ ಮಿದುಳು ಸ್ಪಂಜಿನಂತೆ ತೂತು ತೂತಾಗಿತ್ತು. 1966ರಲ್ಲಿ ಚಿಂಪಾಂಜಿಗಳಿಗೆ ಕುರು ಹರಡಿದ್ದನ್ನು ತೋರಿಸಿದ ಗಜ್ಡುಸೆಕ್‌ಗೆ 1976ರಲ್ಲಿ ನೊಬೆಲ್ ಬಂತು.

ಹೆಪ್ಪಿನಂಥ ಪ್ರೋಟೀನು

ಈ ರೋಗದ ಬೀಜ ವೈರಾಣುವೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ, ಜೀವವೇ ಇಲ್ಲದ ಒಂದು ಪ್ರೋಟೀನು ಎಂದು 1982ರಲ್ಲಿ ಸ್ಟ್ಯಾನ್ಲಿ ಪ್ರುಸಿನರ್ ಹೇಳಿದಾಗ ನಕ್ಕವರೇ ಹೆಚ್ಚು. ಅವರು ಅದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟರು. ಹದಿನೈದು ವರ್ಷದ ನಂತರ, 1997ರಲ್ಲಿ, ಅವರಿಗೂ ನೊಬೆಲ್ ಬಂತು.

ಅದರ ಕೆಲಸವನ್ನು ತಿಳಿಯಲು ಅಡುಗೆಮನೆಯ ಹೆಪ್ಪನ್ನು ನೆನೆಯಬಹುದು. ಒಂದು ಚಮಚ ಮಜ್ಜಿಗೆ ಗಡಿಗೆ ತುಂಬಾ ಹಾಲನ್ನು ಮೊಸರು ಮಾಡುತ್ತದೆ. ಹಾಗೆಯೇ ಎಲ್ಲರ ಮಿದುಳಿನಲ್ಲೂ ಇರುವ ಒಂದು ಸಾಧು ಪ್ರೋಟೀನು ಮಡಿಕೆ ತಪ್ಪಿ ವಕ್ರವಾದರೆ, ಪಕ್ಕದ ಪ್ರೋಟೀನನ್ನೂ ತನ್ನಂತೆ ವಕ್ರ ಮಾಡುತ್ತದೆ. ಅದು ಇನ್ನೊಂದನ್ನು, ಇನ್ನೊಂದು ಮತ್ತೊಂದನ್ನು. ಹೆಪ್ಪಿನಲ್ಲಿ ಜೀವಾಣುಗಳಿರುತ್ತವೆ, ಕುದಿಸಿದರೆ ಸಾಯುತ್ತವೆ. ಪ್ರಿಯಾನ್‌ಗೆ ಸಾಯಲು ಜೀವವಿಲ್ಲ. ಆದ್ದರಿಂದ ಸಾಮಾನ್ಯ ಅಡುಗೆಯ ಕುದಿತ ಅದನ್ನು ನಾಶ ಮಾಡಲಾರದು.

ಮನುಷ್ಯರಲ್ಲಿ ಕಾಣುವ ಮುಖ್ಯ ಪ್ರಿಯಾನ್ ರೋಗಕ್ಕೆ ಅದನ್ನು 1920-21ರಲ್ಲಿ ವರ್ಣಿಸಿದ ಜರ್ಮನ್ ವೈದ್ಯರ ಹೆಸರಿನಿಂದ ಕ್ರಾಯಿಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ, ಚಿಕ್ಕದಾಗಿ ಸಿಜೆಡಿ ಎನ್ನುತ್ತಾರೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ, ಹೆಚ್ಚಾಗಿ ಅರವತ್ತರ ಆಸುಪಾಸಿನಲ್ಲಿ ಬರುತ್ತದೆ. ಮರೆವು, ತತ್ತರಿಕೆ, ಸ್ನಾಯುಗಳ ಜಿಗಿತ. ಕೆಲವೇ ತಿಂಗಳಲ್ಲಿ ಸಾವು. ಔಷಧಿ ಇನ್ನೂ ಇಲ್ಲ. ನೂರಕ್ಕೆ ಸುಮಾರು 85 ಪ್ರಕರಣಗಳಲ್ಲಿ ಊಟವಾಗಲಿ, ವಂಶವಾಗಲಿ ಕಾರಣವಲ್ಲ. ಪ್ರೋಟೀನು ತಾನಾಗಿಯೇ ಮಡಿಕೆ ತಪ್ಪಿರುತ್ತದೆ.

ದನಕ್ಕೆ ದನದ ಎಲುಬು

ಪ್ರಿಯಾನ್ ಎಂಬ ಮಾತು ಮನೆಮಾತಾದದ್ದು ಬ್ರಿಟನ್ನಿನ ಹಸುಗಳಿಂದ. ಅಲ್ಲಿ ಹೆಚ್ಚು ಹಾಲಿನ ಆಸೆಗೆ ಹಸುಗಳಿಗೆ ಹೆಚ್ಚು ಪ್ರೋಟೀನು ಬೇಕಿತ್ತು. ಕಸಾಯಿಖಾನೆಯಲ್ಲಿ ಉಳಿದ ಮಾಂಸ, ಕರುಳು, ಎಲುಬುಗಳನ್ನು ಬೇಯಿಸಿ ಒಣಗಿಸಿದ ಪುಡಿ ಅಗ್ಗಕ್ಕೆ ಸಿಗುತ್ತಿತ್ತು. ಹುಲ್ಲು ಮೇಯುವ ಪ್ರಾಣಿಗೆ ಅದರದೇ ಜಾತಿಯ ದೇಹವನ್ನು ಪುಡಿಮಾಡಿ ತಿನ್ನಿಸುವುದು ಹೀಗೆ ದಿನದ ರೂಢಿಯಾಯಿತು. 1986ರ ನವೆಂಬರಿನಲ್ಲಿ ಹೊಸ ರೋಗವನ್ನು ಗುರುತಿಸಲಾಯಿತು. ತತ್ತರಿಸುವ, ಬೆದರುವ, ಬೀಳುವ ಹಸುಗಳನ್ನು ಕಂಡು ಪತ್ರಿಕೆಗಳು ‘ಹುಚ್ಚು ಹಸು ರೋಗ’ ಎಂದವು. 1988ರ ಜುಲೈನಲ್ಲಿ ಆ ಪುಡಿಯನ್ನು ದನಗಳಿಗೆ ಹಾಕುವುದನ್ನು ನಿಷೇಧಿಸುವ ಹೊತ್ತಿಗೆ ಸೋಂಕು ಹರಡಿಯಾಗಿತ್ತು. ಒಟ್ಟು 1,80,000ಕ್ಕೂ ಹೆಚ್ಚು ದನಗಳಲ್ಲಿ ರೋಗ ಖಚಿತವಾಯಿತು. ಮುನ್ನೆಚ್ಚರಿಕೆಗಾಗಿ ಕೊಂದವುಗಳ ಸಂಖ್ಯೆ 40 ಲಕ್ಷವನ್ನೂ ಮೀರಿತು.

ದನದ ಮಾಂಸ ತಿನ್ನಲು ಯಾವ ಭಯವೂ ಇಲ್ಲವೆಂದು ಅಲ್ಲಿನ ಸರ್ಕಾರ ವರ್ಷಗಟ್ಟಲೆ ಜನರಿಗೆ ಭರವಸೆ ಕೊಟ್ಟಿತು. 1990ರಲ್ಲಿ ಕೃಷಿ ಸಚಿವರೇ ಕ್ಯಾಮೆರಾಗಳ ಮುಂದೆ ಬರ್ಗರ್ ತಿಂದು ತೋರಿಸಿದರು. 1996ರ ಮಾರ್ಚ್ 20ರಂದು ಅದೇ ಸರ್ಕಾರ, ಯುವಜನರಲ್ಲಿ ಕಾಣಿಸಿಕೊಂಡ ಹೊಸ ಬಗೆಯ ಸಿಜೆಡಿಗೆ ಹುಚ್ಚು ಹಸು ರೋಗದ ನಂಟಿರಬಹುದೆಂದು ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಬ್ರಿಟನ್ನಿನಲ್ಲಿ ಈ ಹೊಸ ಬಗೆಯಿಂದ 178 ಜನ ಸತ್ತರು. ರಕ್ತದಾನದ ಮೂಲಕ ರೋಗ ಪಡೆದ ಕೆಲವರೂ ಅವರಲ್ಲಿದ್ದರು. ಫೋರೆ ಹೆಂಗಸರ ಶೋಕದ ಊಟ ನಾಗರಿಕರಿಗೆ ಅನಾಗರಿಕವಾಗಿ ಕಂಡಿತ್ತು. ಆಧುನಿಕ ಕಾರ್ಖಾನೆಯೊಂದು ಹಸುಗಳ ಮೇಲೆ ಅದನ್ನೇ ಮಾಡಿದಾಗ ಅದಕ್ಕೆ ಪೌಷ್ಟಿಕ ಆಹಾರ ಎಂಬ ಹೆಸರಿತ್ತು.

ಕೊಪ್ಪಳದ ಕುರಿ, ಕೊಪ್ಪಳದ ಕಣಿಕೆ

ಈಗ ಕೊಪ್ಪಳ ಸೀಮೆಗೆ ಬರಬಹುದು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಎರಡು ಬಗೆಯ ನೆಲವಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಗಿದೆ. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೇ ನಂಬಿದ ಜೋಳ, ಸಜ್ಜೆ, ಶೇಂಗಾದ ಸೀಮೆ. ಈ ಒಣನೆಲದ ಆಸರೆ ಕುರಿ. ಕೆಂಗುರಿ, ಡೆಕ್ಕನಿ, ಬಳ್ಳಾರಿ ತಳಿಗಳು ಇಲ್ಲಿನವೇ. ಕೊಯ್ಲು ಮುಗಿದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ನೀರಾವರಿ ಸೀಮೆಗೆ ಇಳಿಯುವುದು, ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವುದು ಹಳೆಯ ಒಪ್ಪಂದ. ಜಾತ್ರೆಯಲ್ಲಿ ಕುರಿ ಬಿದ್ದರೆ ಯಾವುದೂ ಹಾಳಾಗುವುದಿಲ್ಲ. ತಲೆ, ಕಾಲು, ಕರುಳು, ಮಿದುಳು ಎಲ್ಲಕ್ಕೂ ತಿನ್ನುವವರಿದ್ದಾರೆ. ಮಿದುಳನ್ನು ಮಕ್ಕಳಿಗೆ ಬುದ್ಧಿ ಬರಲೆಂದು ಕೊಡುವವರೂ ಉಂಟು.

ಹಾಗಾದರೆ ಹೆದರಬೇಕೆ? ಈವರೆಗಿನ ಜ್ಞಾನ ಹೆದರಬೇಕಾಗಿಲ್ಲ ಎನ್ನುತ್ತದೆ, ಅದಕ್ಕೆ ಕಾರಣಗಳನ್ನೂ ಕೊಡುತ್ತದೆ. ಸ್ಕ್ರೇಪಿ ಇರುವ ಬ್ರಿಟನ್ನಿನಲ್ಲಿಯೂ ಸ್ಕ್ರೇಪಿ ಇಲ್ಲದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿಯೂ ಸಿಜೆಡಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇನ್ನೂರೈವತ್ತು ವರ್ಷಕ್ಕೂ ಮಿಕ್ಕಿ ಆ ಕುರಿಗಳ ಮಾಂಸ ತಿಂದವರಿಗೆ ಅದರಿಂದ ರೋಗ ಬಂದದ್ದಕ್ಕೆ ಪುರಾವೆ ಇಲ್ಲ. ಭಾರತದಲ್ಲಿ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಸ್ಕ್ರೇಪಿ ಕಂಡ ವರದಿ 1961ರಲ್ಲಿ ಪ್ರಕಟವಾಗಿತ್ತು. ಇಲ್ಲಿನ ಕುರಿಗಾರ ಕಾಣುವ, ತಲೆ ಒಂದೇ ಕಡೆ ವಾಲಿಸಿ ಸುತ್ತುಹಾಕುವ ಕುರಿಯ ಕಾಯಿಲೆ ಬೇರೆ. ಅದು ನಾಯಿಯ ಹೊಟ್ಟೆಯ ಲಾಡಿಹುಳದ ಮರಿ ಕುರಿಯ ಮಿದುಳಿನಲ್ಲಿ ಗುಳ್ಳೆಯಾಗಿ ಬೆಳೆಯುವುದರಿಂದ ಬರುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯದಿರುವುದೇ ಅದಕ್ಕೆ ದೊಡ್ಡ ತಡೆ.

ದನಗಳ ವಿಷಯದಲ್ಲಿ ಈ ಸೀಮೆಯನ್ನು ಕಾದದ್ದು ಮೇವಿನ ರೂಢಿ. ಜೋಳದ ಕಣಿಕೆ, ಶೇಂಗಾ ಹೊಟ್ಟು, ಭತ್ತದ ಹುಲ್ಲು, ಇದ್ದವರು ಹಾಕುವ ಹಿಂಡಿ, ಹತ್ತಿಕಾಳು. ಬಣಿವೆಯಿಂದ ಹಿರಿದು ಹಾಕುವ ಈ ಮೇವಿನಲ್ಲಿ ಇನ್ನೊಂದು ದನದ ದೇಹ ಸೇರುವ ದಾರಿಯೇ ಇರಲಿಲ್ಲ. ದೇಶದಲ್ಲಿ ಹುಚ್ಚು ಹಸು ರೋಗ ವರದಿಯಾಗಿಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2010ರಲ್ಲಿ ಭಾರತವನ್ನು ಈ ರೋಗದ ಅಪಾಯ ತೀರಾ ಕಡಿಮೆ ಇರುವ ದೇಶಗಳ ಪಟ್ಟಿಗೆ ಸೇರಿಸಿತು. ಬ್ರಿಟನ್ನಿನ ಹೊಸ ಬಗೆಯ ಸಿಜೆಡಿಯೂ ಭಾರತದಲ್ಲಿ ವರದಿಯಾಗಿಲ್ಲ.

ಗಂಗೆಯ ದಂಡೆಗೆ ಬಂದ ಆರೋಪ

ಇಷ್ಟಾದರೂ 2005ರಲ್ಲಿ ಬೆರಳು ಭಾರತದ ಕಡೆ ತಿರುಗಿತು. ಆ ಸೆಪ್ಟೆಂಬರಿನಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಅಲನ್ ಕೋಲ್ಚೆಸ್ಟರ್ ಮತ್ತು ನ್ಯಾನ್ಸಿ ಕೋಲ್ಚೆಸ್ಟರ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಒಂದು ಊಹೆ ಮುಂದಿಟ್ಟರು. 1960 ಮತ್ತು 70ರ ದಶಕಗಳಲ್ಲಿ ಬ್ರಿಟನ್ ಗೊಬ್ಬರಕ್ಕೂ ದನದ ಮೇವಿಗೂ ಲಕ್ಷಾಂತರ ಟನ್ ಎಲುಬನ್ನು ತರಿಸಿಕೊಂಡಿತ್ತು. ಅದರಲ್ಲಿ ಅರ್ಧದಷ್ಟು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ನೆಲದಿಂದ ಬಂದದ್ದು. ಗಂಗೆಯಲ್ಲಿ ತೇಲಿಬಿಟ್ಟ, ಅರೆಬೆಂದ ಶವಗಳ ಎಲುಬು ಆಯುವವರ ಚೀಲ ಸೇರಿ, ಸಿಜೆಡಿಯಿಂದ ಸತ್ತವರೊಬ್ಬರ ಅವಶೇಷ ಬ್ರಿಟನ್ನಿನ ಹಸುವಿನ ಬಾಯಿಗೆ ಹೋಗಿರಬಹುದು ಎಂಬುದು ಅವರ ವಾದ.

ಇದಕ್ಕೆ ಅದೇ ಸಂಚಿಕೆಯಲ್ಲಿ ಪ್ರತಿಕ್ರಿಯೆ ಬರೆದವರು ಬೆಂಗಳೂರಿನ ನಿಮ್ಹಾನ್ಸ್‌ನ ಇಬ್ಬರು ವೈದ್ಯರು: ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಮತ್ತು ನರವೈದ್ಯ ಪಿ. ಸತೀಶ್ಚಂದ್ರ. ಉತ್ತರ ಕೊಡಲು ಅವರ ಬಳಿ ಲೆಕ್ಕವಿತ್ತು. 1971ರಿಂದ 1990ರವರೆಗೆ ದೇಶದಲ್ಲಿ ಕಂಡ ಸಿಜೆಡಿ ಪ್ರಕರಣಗಳನ್ನು ಕಲೆಹಾಕಿ 1991ರಲ್ಲಿಯೇ ಅವರು ಪ್ರಕಟಿಸಿದ್ದರು. ಭಾರತದಲ್ಲಿ ದಾಖಲಾದ ಸಿಜೆಡಿ ತೀರಾ ಕಡಿಮೆ. ಅಂಥ ಒಂದು ಶವದ ಸೋಂಕು ಎಲುಬಿನ ರಾಶಿಯೊಳಗೆ ಉಳಿದು ಕಡಲು ದಾಟುವ ಸಂಭವ ಇನ್ನೂ ಕಡಿಮೆ ಎಂದು ಅವರು ತೋರಿಸಿದರು. ಒಂದು ದೇಶದ ಧರ್ಮ, ಸಂಸ್ಕೃತಿಗೆ ತಾಗುವ ಊಹೆ ಮಾಡುವಾಗ ವಿಜ್ಞಾನಿಗಳು ಎಚ್ಚರದಿಂದಿರಬೇಕು ಎಂದೂ ಬರೆದರು. ಆದರೆ ಊಹೆಯನ್ನು ಅವಮಾನವೆಂದು ತಳ್ಳಿಹಾಕಲಿಲ್ಲ. ಪರವೋ ವಿರೋಧವೋ, ಸಂಗತಿಗಳನ್ನು ಬೇಗ ಮತ್ತು ಜಾಗರೂಕತೆಯಿಂದ ಕಲೆಹಾಕಬೇಕು ಎಂಬುದು ಅವರ ನಿಲುವಾಗಿತ್ತು. ಹುಚ್ಚು ಹಸು ರೋಗದ ಮೂಲವನ್ನು ಬ್ರಿಟನ್ನಿನಲ್ಲಿಯೇ, ಅಲ್ಲಿನ ಯಾವುದೋ ಹಸುವಿನಲ್ಲಿ ತಾನಾಗಿ ಆದ ಬದಲಾವಣೆಯಲ್ಲಿ ಹುಡುಕಬೇಕೆಂದು ಲಾರ್ಡ್ ಫಿಲಿಪ್ಸ್ ನೇತೃತ್ವದ ಬ್ರಿಟನ್ನಿನದೇ ವಿಚಾರಣಾ ವರದಿ 2000ದಲ್ಲಿ ಸೂಚಿಸಿತ್ತು.

ಇಂಥ ಅನುಮಾನ ನಾಡಿನೊಳಗೂ ನಡೆದದ್ದಿದೆ. 1970ರ ದಶಕದ ಮಧ್ಯದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕೂಲಿಕಾರರ ಕೀಲುಗಳು ಸವೆದು ನಡೆಯಲಾರದಂತಾದಾಗ, ಅವರು ಗದ್ದೆಯಲ್ಲಿ ಹಿಡಿದು ತಿನ್ನುತ್ತಿದ್ದ ಏಡಿ ಮತ್ತು ಅದರೊಳಗಿನ ಕೀಟನಾಶಕವೇ ಕಾರಣವೆಂಬ ಮಾತು ಬಹಳ ಹಬ್ಬಿತು. ಮುಂದಿನ ಸಂಶೋಧನೆ ಅದು ವಂಶವಾಹಿಯಿಂದ ಬರುವ ಮೂಳೆರೋಗವೆಂದು ತೋರಿಸಿತು. ಬಡವರ ಊಟದ ಮೇಲೆ ಸಂಶಯ ಬರುವುದು ಸುಲಭ. ಅದನ್ನು ಪರೀಕ್ಷಿಸಿ ನೋಡುವುದಕ್ಕೆ ವರ್ಷಗಳು ಬೇಕು.

ನೋಡುವ ಕಣ್ಣು

ಇಷ್ಟರಿಂದ ನಮಗೆ ಚಿಂತೆಯಿಲ್ಲ ಎಂದುಕೊಳ್ಳುವಂತೆಯೂ ಇಲ್ಲ. ಕೊಪ್ಪಳ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 13.9 ಲಕ್ಷ. ಜಗತ್ತಿನ ಸರಾಸರಿಯನ್ನೇ ಹಿಡಿದರೆ ಇಲ್ಲಿ ವರ್ಷಕ್ಕೆ ಒಬ್ಬಿಬ್ಬರು ಸಿಜೆಡಿಯಿಂದ ಸಾಯಬೇಕು. ವಯಸ್ಸಾದವರ ಪ್ರಮಾಣ ಕಡಿಮೆಯಿರುವುದರಿಂದ ಇನ್ನೂ ಕಡಿಮೆ ಇರಬಹುದು. ಆದರೆ ಆ ಸಾವುಗಳು ಆ ಹೆಸರಿನಲ್ಲಿ ದಾಖಲಾಗುವುದು ಅಪರೂಪ. ಎರಡೇ ತಿಂಗಳಲ್ಲಿ ಮನೆಯವರ ಗುರುತೇ ಮರೆತ ಹಿರಿಯರ ಬಗ್ಗೆ ಊರು ಮುಪ್ಪು ಎನ್ನುತ್ತದೆ, ಗಾಳಿ ಸೋಕಿದೆ ಎನ್ನುತ್ತದೆ. ಸಿಜೆಡಿಯನ್ನು ಪೂರ್ತಿ ಖಚಿತಪಡಿಸಲು ಮಿದುಳಿನ ಅಂಗಾಂಶವನ್ನೇ ಪರೀಕ್ಷಿಸಬೇಕು. ಮಣ್ಣು ಮಾಡುವ ಮೊದಲು ದೇಹ ಕೊಯ್ಯಲು ನಮ್ಮಲ್ಲಿ ಒಪ್ಪುವವರು ಎಷ್ಟು ಜನ? 1995ರಲ್ಲಿ ಶಂಕರ್ ಅವರು ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ ಕಟ್ಟಿದಾಗ ಅದರ ತಳಪಾಯ, ದುಃಖದ ಗಳಿಗೆಯಲ್ಲಿಯೂ ಒಪ್ಪಿಗೆ ಕೊಟ್ಟ ಕುಟುಂಬಗಳೇ.

ಬೇಗ ಪರೀಕ್ಷಿಸುವುದರಿಂದ ಇನ್ನೊಂದು ಲಾಭವಿದೆ. ಸಿಜೆಡಿಯಂತೆಯೇ ಕಾಣುವ, ಆದರೆ ಗುಣವಾಗುವ ಕಾಯಿಲೆಗಳು ಹಲವು: ಬಿ-12 ಜೀವಸತ್ವದ ಕೊರತೆ, ಕ್ಷಯದಿಂದ ಬರುವ ಮಿದುಳುಪೊರೆಯ ಉರಿಯೂತ, ಮಿದುಳಿನಲ್ಲಿ ಲಾಡಿಹುಳದ ಗುಳ್ಳೆ. ಈ ಕೊನೆಯದು ಹಂದಿಮಾಂಸ ಮುಟ್ಟದವರಿಗೂ, ಕೊಳಚೆ ನೀರಿನಲ್ಲಿ ಬೆಳೆದ ಅಥವಾ ಸರಿಯಾಗಿ ತೊಳೆಯದ ಸೊಪ್ಪು-ತರಕಾರಿಯಿಂದ ಬರಬಹುದು. ಊಟದ ದಾರಿಯಿಂದ ಮಿದುಳಿಗೆ ಬರುವ ರೋಗವೆಂದರೆ ಈ ಸೀಮೆಯ ಜನ ಪ್ರಿಯಾನ್‌ಗಿಂತ ಮೊದಲು ಯೋಚಿಸಬೇಕಾದದ್ದು ಇದನ್ನು.

ನಿಧಾನ ವಿಷ ಏನೆಂಬುದನ್ನು ಕುಷ್ಟಗಿ, ಯಲಬುರ್ಗಾದವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಇಲ್ಲಿ ಮಕ್ಕಳ ಹಲ್ಲಿಗೆ ಕಲೆ ಹಚ್ಚಿ, ದೊಡ್ಡವರ ಎಲುಬು ಬಗ್ಗಿಸಿದೆ. ಕುಡಿಯುವಾಗ ರುಚಿಯಲ್ಲಿ ಏನೂ ತಿಳಿಯಲಿಲ್ಲ. ನೀರನ್ನು ಪರೀಕ್ಷೆಗೆ ಒಯ್ದ ಮೇಲೆಯೇ ಕಾರಣ ತಿಳಿದದ್ದು.

ಮೇವಿನ ರೂಢಿಯೂ ಈಗ ಬದಲಾಗುತ್ತಿದೆ. ಬಣಿವೆಯ ಪಕ್ಕದಲ್ಲಿ ಪಶು ಆಹಾರದ ಚೀಲ ಬಂದು ಕೂತಿದೆ. ಹಾಲು, ಮಾಂಸಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿ, ಹಂದಿ, ಮೀನು ಬಿಟ್ಟು, ಮಾಂಸ ಮತ್ತು ಎಲುಬಿನ ಪುಡಿ ಸೇರಿದ ಮೇವು ಹಾಕಬಾರದೆಂಬ ನಿಯಮ ದೇಶದಲ್ಲಿದೆ. ಬ್ರಿಟನ್ನಿನ ರೈತರೂ ತಮ್ಮ ಹಸುಗಳನ್ನು ಪ್ರೀತಿಸುತ್ತಿದ್ದವರೇ. ಚೀಲದೊಳಗೆ ಏನಿದೆ ಎಂದು ಅವರು ಕೇಳಿರಲಿಲ್ಲ, ಅವರಿಗೆ ಯಾರೂ ಹೇಳಿರಲೂ ಇಲ್ಲ. ಗಂಗಾವತಿಯ ಅಂಗಡಿಯಲ್ಲಿ ಚೀಲ ಕೊಳ್ಳುವ ರೈತ ಅದರ ಮೇಲಿನ ಅಕ್ಷರಗಳನ್ನು ಒಮ್ಮೆ ಓದಿಸಿಕೊಂಡು ಮನೆಗೆ ಒಯ್ಯುವುದು ಒಳ್ಳೆಯದು.